ಅಂಥಾದು ಬ್ಯಾಡ, ಅದಽ ಬೇಕು

ಸಂಗಮ್ಮ ಆಯಿಯೊಡನೆ ಜಗಳಕ್ಕೆ ನಿಂತವರೆಲ್ಲ ಸೋಲುತ್ತಿದ್ದುದು ಒಂದೇ ಶಬ್ದಕ್ಕೆ: ‘ಅದಽ’, ಅಂದರೆ ಅದೇ, ಬೇರೆಯದಲ್ಲ. ತೋರುಬೆರಳನ್ನು ನೆಲಕ್ಕೆ ಚುಚ್ಚಿ ಆಕೆ ಹಾಗೆಂದರೆ ಶಹಾಪುರದ ನಮ್ಮ ಓಣಿಯ ನಾಯಿಗಳೂ ಬಾಲ ಮುದುರುತ್ತಿದ್ದವು. ಆ ಬೆರಳು, ಆ ಗೊಗ್ಗರು ದನಿ, ಎಲೆಅಡಿಕೆ ಒತ್ತರಿಸಿ ಉಬ್ಬಿದ ಎಡಗೆನ್ನೆ, ಎಲ್ಲವನ್ನೂ ನಾನು ಅಚ್ಚು ಹೊಡೆದಂತೆ ಮಾಡಿ ತೋರಿಸುತ್ತಿದ್ದೆ. ಓಣಿಯಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಒಮ್ಮೆ ಗೋಡೆಯ ಮರೆಗೆ ನಿಂತು ಆಕೆಯ ದನಿಯಲ್ಲೇ ಆಕೆಯನ್ನು ಬೈದೆ. ಆಯಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ.

“ಅಂಥಾ ದನಿ ಐತಿ, ಖರೇ. ಆದ್ರ ನಾ ಇಲ್ಲೇ ಕುಂತೀನಲ್ಲಲೇ, ಮಂಗ್ಯಾ!”

‘ಅಂಥಾದು’ ಬೇರೆ, ‘ಅದು’ ಬೇರೆ. ಆಯಿಯ ಶಾಸ್ತ್ರವೆಲ್ಲ ಇಷ್ಟೇ. ಅದಕ್ಕೆ ಪರೀಕ್ಷೆ ಬಂದದ್ದು ಎದುರುಮನೆಯ ಬಸಣ್ಣನ ಮಗಳ ಮದುವೆಯಲ್ಲಿ. ಆಯಿ ಎರವಲು ಕೊಟ್ಟಿದ್ದ ಸ್ಟೀಲಿನ ಕೊಡ ಮದುಮಗಳ ಸಾಮಾನಿನ ಜೊತೆ ಯಾದಗಿರಿಗೆ ಹೋಗಿಬಿಟ್ಟಿತು. ಬಸಣ್ಣ ಆಯಿ ಕೊಂಡಿದ್ದ ಅಂಗಡಿಯಿಂದಲೇ ಅಂಥದೇ ಹೊಸ ಕೊಡ ತಂದು, ಬಾಯಿಬಿಡದೆ ಆಯಿಯ ಕಟ್ಟೆಯ ಮೇಲಿಟ್ಟ. ಆದರೆ ಮಗಳೇ ಫೋನಿನಲ್ಲಿ, “ನಿಮ್ಮ ಕೊಡ ಇಲ್ಲಿ ಬಂದೈತ್ರಿ ಆಯಿ” ಎಂದು ಗುಟ್ಟು ಬಿಚ್ಚಿದಳು.

“ಅದಽ ಅಳತಿ, ಅದಽ ಹೊಳಪು. ಏನ್ ಕಮ್ಮಿ ಐತ್ರಿ ಇದಕ್ಕ?” ಎಂದ ಬಸಣ್ಣ.

“ಏನೂ ಕಮ್ಮಿ ಇಲ್ಲೋ. ನಂದಲ್ಲ, ಅಷ್ಟಽ.”

ತವರಿನ ನೆನಪಿರಬೇಕು, ಕಣ್ಣೀರಿನ ಕಥೆ ಸಿಗುತ್ತದೆ ಎಂದು ನಾನು ಬಾಯಿ ಹಾಕಿದೆ: “ತವರುಮನಿದೇನ್ರಿ ಆಯಿ?”

“ತವರುಮನಿ ಎಲ್ಲಿದೋ! ಈ ಮದುವಿ ಹಿಂದಿನ ದಿನಾ ತಂದದ್ದು. ನೀರು ಸುದ್ದಾ ಕಂಡಿದ್ದಿಲ್ಲ. ನೆನಪಿದ್ರಷ್ಟಽ ನಂದಾಗ್ತೈತೇನು?”

ಯಾದಗಿರಿಯ ಬಸ್ ಹತ್ತಿಸಿ, ನನ್ನ ತೊಡೆಯ ಮೇಲೆ ಬಸಣ್ಣನ ಕೊಡ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು. ಅದನ್ನು ಕೊಟ್ಟು ತನ್ನದನ್ನು ತರುವುದು ಆಕೆಯ ಲೆಕ್ಕ. ಅಲ್ಲಿ ಮದುಮಗಳು ಮರ್ಯಾದೆಗೆಂದು ಎರಡೂ ಕೊಡಗಳನ್ನು ಬೆಳಗಿ, ಅಂಗಳದಲ್ಲಿ ಬೋರಲು ಹಾಕಿದಳು. ಮುಗಿಯಿತು. ಯಾವುದು ಯಾವುದೆಂದು ಬೆಳಗಿದವಳಿಗೂ ತಿಳಿಯದು.

“ಈಗ ಹೇಳ್ರಿ ಆಯಿ, ನಿಮ್ದು ಯಾವ್ದು?” ನನಗೋ ಹಬ್ಬ.

ಆಯಿ ತಟ್ಟಿದಳು, ತಿರುವಿದಳು, ಮೂಸಿಯೂ ನೋಡಿದಳು.

“ಗೊತ್ತಾಗವಲ್ದು.”

ಶಾಸ್ತ್ರ ಮಣ್ಣು ಮುಕ್ಕಿತು ಎಂದುಕೊಂಡೆ. ಬೆರಳು ನೆಲಕ್ಕೆ ಇಳಿಯಿತು.

“ನನಗ ಗೊತ್ತಾಗವಲ್ದಂದ್ರ ಅದು ನಂದಲ್ಲಂತೇನು? ಇವೆರಡರಾಗ ಒಂದು ನಂದು ಐತಿ, ಅದಽ ಬೇಕು. ಎರಡೂ ಎತ್ಕೋ!”

“ಮತ್ತ ನಮಗ್ರೀ?” ಎಂದಳು ಮದುಮಗಳು.

“ನಿಮಗ ಅಂಥಾದು ನಡೀತೈತಲ್ಲವ್ವ! ನಿಮ್ಮಪ್ಪಗ ಹೇಳು, ಅಂಗಡ್ಯಾಗ ರಗಡ ಅದಾವ.”

ಶಹಾಪುರದವರೆಗೆ ಎರಡು ಕೊಡಗಳ ನಡುವೆ ಮೂರನೆಯ ಕೊಡದಂತೆ ಕುಳಿತು ಬಂದೆ. ಆಮೇಲೆ ಆಯಿ ದಿನವೂ ಎರಡನ್ನೂ ತುಂಬುತ್ತಿದ್ದಳು. “ಯಾವುದು ನಂದೋ, ಅದು ಖಾಲಿ ಕೂಡಬಾರದು” ಎನ್ನುತ್ತಿದ್ದಳು.

ಈ ವರ್ಷ ಆಯಿ ಹೋದಳು. ಕಾರ್ಯ ಮುಗಿದ ಮೇಲೆ ನಾರಾಯಣಪುರದಿಂದ ಬಂದಿದ್ದ ಆಕೆಯ ಮಗಳು ಆ ಎರಡು ಕೊಡಗಳ ಪಕ್ಕ ಕುಳಿತು ನನ್ನ ಕೈ ಹಿಡಿದರು.

“ತಮ್ಮಾ, ಒಮ್ಮೆ ಅವ್ವನಂಗ ಮಾತಾಡಪಾ. ಕಣ್ಣು ಮುಚ್ಚಿ ಕೇಳ್ತೀನಿ.”

“ಮಾಡಲೇ,” ಎಂದ ಬಸಣ್ಣ, “ಆಕಿನಽ ಬಂದಂಗ ಆಗ್ತೈತಿ.”

ಆ ದನಿ ನನ್ನ ಗಂಟಲಲ್ಲಿ ತಯಾರಾಗಿ ನಿಂತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ. ನುಂಗಿದೆ. ಹುಡುಕಿ ತೆಗೆದ ನನ್ನದೇ ದನಿಯಲ್ಲಿ ಹೇಳಿದೆ:

“ಅಂಥಾದು ಐತ್ರಿ ಅಕ್ಕಾ. ಅದು ಇಲ್ಲ. ನಾ ಮಾಡಂಗಿಲ್ಲ.”