ಗುರುವಾರ ಒತ್ತಿದ ಗುಂಡಿ

ಉರುಕುಂದಪ್ಪನ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟು ಒಂದು ತಿಂಗಳಾಗಿತ್ತು. ಎಲ್ಲಿ ಕೂತರೂ ಹೊಲಿಗೆ ಮಷೀನು ತುಳಿಯುವವರ ಕಾಲಿನಂತೆ ತನ್ನಷ್ಟಕ್ಕೆ ತಾನು ಅಲುಗುತ್ತಿತ್ತು. ಅವತ್ತು ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಕಲ್ಲೂರು ಬರುವವರೆಗೆ ತಾಳಿಕೊಂಡ. ಆಮೇಲೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ತಮ್ಮಾ, ಬಸ್ಸಿಗೆ ಡ್ರೈವರ್ ಅದಾನ. ನೀ ಯಾಕ ತುಳ್ಯಾಕತ್ತಿ?" ಎಂದ. ಉರುಕುಂದಪ್ಪ ಕಾಲನ್ನು ಬ್ಯಾಗಿನ ಕೆಳಗೆ ಅಮುಕಿಟ್ಟ. ಈಗ ಬ್ಯಾಗು ಅಲುಗತೊಡಗಿತು.

ಬ್ಯಾಗಿನಲ್ಲಿ ಇದ್ದದ್ದು ಒಂದೇ ಹಾಳೆ. ಅದಕ್ಕೆ ಸಂಜೆಯೊಳಗೆ ಮಾನ್ವಿಯ ತುಳಸಿಬಾಯಿಯವರ ಸಹಿ ಬೀಳಬೇಕು. ಬಿದ್ದರೆ ಅವನ ನೌಕರಿ ಉಳಿಯುತ್ತದೆ, ಅವನು ಮಾಡಿದ ತಪ್ಪು ಆ ಹೆಣ್ಣುಮಗಳ ತಲೆಗೆ ಹೋಗುತ್ತದೆ. ಬೀಳದಿದ್ದರೆ ವಾಪಸ್ ಬರಬೇಡ ಎಂದು ಮ್ಯಾನೇಜರ್ ಹನುಮಂತ್ರಾಯ ಬೆಳಿಗ್ಗೆಯೇ ಹೇಳಿ ಕಳಿಸಿದ್ದ.

ಉರುಕುಂದಪ್ಪ ರಾಯಚೂರಿನ ಒಂದು ಸೋಲಾರ್ ಏಜೆನ್ಸಿಯಲ್ಲಿ ಮನೆಮನೆ ತಿರುಗುವವನು. ಕೊರಳಿನ ಕಾರ್ಡಿನ ಮೇಲೆ 'ಸೌರ ಸಲಹೆಗಾರ' ಎಂದಿತ್ತು. ಓದಿದ್ದು ಬಿ.ಎ.; ಕರೆಂಟಿನ ವಿಷಯದಲ್ಲಿ ಅವನಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಮುಟ್ಟಿದರೆ ಹೊಡೆಯುತ್ತದೆ ಎಂಬುದಷ್ಟೇ. ಜಾಲಹಳ್ಳಿಯಲ್ಲಿ ಹತ್ತಿ ಬಿಡಿಸಲು ಹೋಗುವ ಅವ್ವ ದುರುಗಮ್ಮ ಮಾತ್ರ, ನನ್ನ ಮಗ ಕರೆಂಟ್ ಮಾರ್ತಾನ ಎಂದು ಜೊತೆಯ ಹೆಂಗಸರಿಗೆ ಹೇಳುತ್ತಿದ್ದಳು. ಅಪ್ಪ ಬದುಕಿರುವವರೆಗೆ ದೇವಸುಗೂರಿನ ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಬೂದಿಯನ್ನು ಲಾರಿಗೆ ತುಂಬುವ ಕೂಲಿ ಮಾಡಿದವನು. ಅಪ್ಪ ಬೂದಿ ಹೊತ್ತ, ಮಗ ಬಿಸಿಲು ಹೊರುತ್ತಾನೆ ಎಂಬ ಮಾತನ್ನು ಉರುಕುಂದಪ್ಪ ತಾನೇ ಕಟ್ಟಿ, ಗಿರಾಕಿಗಳ ಮುಂದೆ ಸರಿಯಾದ ಹೊತ್ತಿಗೆ ಒಂದು ಉಸಿರು ನಿಲ್ಲಿಸಿ ಹೇಳುತ್ತಿದ್ದ. ಹತ್ತರಲ್ಲಿ ನಾಲ್ಕು ಮನೆ ಆ ಉಸಿರಿಗೇ ಬೀಳುತ್ತಿದ್ದವು.

ತುಳಸಿಬಾಯಿ ಬಿದ್ದದ್ದು ಉಸಿರಿಗಲ್ಲ. ಅವರು ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಅಕ್ಕೋರು. ತಂಗಿಯ ಮಗಳು ವೇದಶ್ರೀಯನ್ನು ಓದಿಸುತ್ತ, ಅವಳ ಜೊತೆ ಸೇರಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದರು. ಇನ್ನೂರು ಯೂನಿಟ್‌ ದಾಟದಿದ್ದರೆ ಸರಕಾರದ ಲೆಕ್ಕದಲ್ಲಿ ಕರೆಂಟು ಬಿಟ್ಟಿ. ಹಾಗಾಗಿ ಪ್ರತಿ ತಿಂಗಳು ಇಪ್ಪತ್ತನೇ ತಾರೀಖು ಬಂತೆಂದರೆ ಆ ಮನೆಯಲ್ಲಿ ಗ್ರೈಂಡರ್ ನಿಲ್ಲುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು, ವೇದಶ್ರೀ ಪುಸ್ತಕ ಹಿಡಿದು ಬೀದಿದೀಪ ಬೀಳುವ ಕಿಟಕಿಗೆ ಸರಿಯುತ್ತಿದ್ದಳು. ಉರುಕುಂದಪ್ಪ ಅವರಿಗೆ ಸೋಲಾರ್ ಮಾರಲಿಲ್ಲ, ಆ ಇಪ್ಪತ್ತನೇ ತಾರೀಖಿನ ಅಂಜಿಕೆಯನ್ನು ಕೊಂಡುಕೊಳ್ಳುತ್ತೇನೆ ಎಂದ. ಇನ್ನು ಮುಂದೆ ತಿಂಗಳ ಮೂವತ್ತೂ ದಿನ ಗ್ರೈಂಡರ್ ತಿರುಗಿಸ್ರಿ ಅಕ್ಕೋರ, ಮ್ಯಾಲ ಸೂರ್ಯ ಅದಾನ ಎಂದ. ಅಕ್ಕೋರು ಮೂರು ದಿನ ಯೋಚಿಸಿ, ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಲು ಒಂದು ಮೂಲೆ ಬಿಡಬೇಕು ಎಂಬ ಕರಾರಿನ ಮೇಲೆ ಒಪ್ಪಿದರು.

ನಾಲ್ಕು ಫಲಕ ಕೂತವು. ವೈರಿನ ಕೆಲಸ ಮಾಡಿದ ಖಾಜಾ ಹೋಗುವಾಗ ಒಂದು ಮಾತು ಹೇಳಿದ್ದ. ಮನೆಯಲ್ಲಿ ಖರ್ಚಾಗಿ ಉಳಿದ ಕರೆಂಟು ಹೊರಗಿನ ಲೈನಿಗೆ ಹೋಗುತ್ತದೆ. ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಎಣಿಸುವ ಹೊಸ ಮೀಟರ್ ಕೂಡುವವರೆಗೆ ಸೋಲಾರ್ ಚಾಲೂ ಮಾಡುವ ಗುಂಡಿ ಮುಟ್ಟಬೇಡ, ಹಳೆಯದಕ್ಕೆ ಎರಡೂ ಒಂದೇ. ಉರುಕುಂದಪ್ಪ ಕೇಳಿಸಿಕೊಂಡಿದ್ದ. ಆದರೆ ಚಾಲೂ ಆದ ಫೋಟೋ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಮಾತ್ರ ಆ ಮನೆ ಅವನ ಟಾರ್ಗೆಟ್ಟಿಗೆ ಸೇರುತ್ತಿತ್ತು. ಹೊಸ ಮೀಟರಿನ ಅರ್ಜಿ ಏಜೆನ್ಸಿಯ ಮೇಜಿನ ಮೇಲೆಯೇ ಇತ್ತು. ನಾಳೆ ಕೊಡೋಣ, ಏನವಸರ ಎಂದಿದ್ದ ಹನುಮಂತ್ರಾಯ. ಅಕ್ಕೋರಿಗೆ ಈ ಮೀಟರಿನ ವಿಷಯ ಯಾರೂ ಹೇಳಲಿಲ್ಲ. ಅವರು ಕೇಳಿದ್ದು ಒಂದೇ: ಶುರು ಮಾಡುವುದಾದರೆ ಗುರುವಾರ ಮಾಡಬೇಕು, ರಾಯರ ವಾರ.

ಆ ಗುರುವಾರ ಬೆಳಿಗ್ಗೆ ಅವರು ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ನೈವೇದ್ಯದ ಅಡಿಗೆಗೆ ಕೂತಿದ್ದರು. ಗುಂಡಿಯ ಪೆಟ್ಟಿಗೆ ಹೊರಗೋಡೆಯ ಮೆಟ್ಟಿಲ ಕೆಳಗಿತ್ತು. ಅಕ್ಕೋರು ಬಾಗಿಲ ಹೊಸ್ತಿಲವರೆಗೆ ಬಂದು, ಸೆರಗನ್ನು ಒಟ್ಟುಮಾಡಿ ಹಿಡಿದು, ಅವನಿಗೆ ಅಲ್ಲೇ ನಿಲ್ಲು ಎಂದು ಕೈ ತೋರಿಸಿದರು. ಅವರಿಗೂ ಅವನಿಗೂ ನಡುವೆ ನಾಲ್ಕು ಮೊಳ. ನಮ್ಮ ಮುತ್ತಜ್ಜನಾದರೆ ಈ ಓಣಿಯ ಬಾಯಲ್ಲೇ ನಿಲ್ಲಬೇಕಿತ್ತು, ನಾನು ಮಾಳಿಗೆ ಹತ್ತಿ ಇಳಿದೆ, ಪ್ರಗತಿಯೇ ಎಂದು ಉರುಕುಂದಪ್ಪ ಒಳಗೊಳಗೇ ನಕ್ಕ. ನಾ ಮಡೀಲಿದ್ದೀನಿ, ನೀನೇ ಒತ್ತಿಬಿಡಪಾ ಎಂದರು ಅಕ್ಕೋರು. ಅವನು ಒತ್ತಿದ. ಫೋಟೋ ಹೊಡೆದ. ಗ್ರೂಪಿನಲ್ಲಿ ಹನ್ನೊಂದು ಹೆಬ್ಬೆರಳು ಬಿದ್ದವು.

ಮೊದಲ ತಿಂಗಳ ಬಿಲ್ಲಿನಲ್ಲಿ ಮುನ್ನೂರು ಯೂನಿಟ್ ದಾಟಿತ್ತು. ಬಿಟ್ಟಿ ಕರೆಂಟು ಹೋಯಿತು. ಅಕ್ಕೋರು ಫೋನು ಮಾಡಿದಾಗ ಉರುಕುಂದಪ್ಪ ದೇವದುರ್ಗದಲ್ಲಿ ಇನ್ನೊಂದು ಮನೆಯ ಮಾಳಿಗೆಯ ಮೇಲಿದ್ದ. ಮೊದಲನೇ ತಿಂಗಳು ಹಂಗ ಬರ್ತದ್ರಿ, ಆಮ್ಯಾಲ ತಾನ ಸೆಟ್ ಆಗ್ತದ ಎಂದುಬಿಟ್ಟ. ಎಲ್ಲಿಂದ ಬಂತೋ ಆ ಮಾತು. ಹೇಳಿ ಫೋನಿಟ್ಟ ಮೇಲೆ ಕಾಲು ಅಲುಗಲು ಶುರುವಾಯಿತು. ಎರಡನೇ ತಿಂಗಳೂ ಮುನ್ನೂರು ದಾಟಿತು. ಈ ಸಲ ಅಕ್ಕೋರು ಅವನಿಗೆ ಫೋನು ಮಾಡಲಿಲ್ಲ, ನೇರ ಏಜೆನ್ಸಿಗೇ ಮಾಡಿ, ಕರೆಂಟಿನ ಕಚೇರಿಗೆ ಬರೆದು ಕೊಡುತ್ತೇನೆ ಎಂದರು. ಅದರ ಮರುದಿನವೇ ಹನುಮಂತ್ರಾಯ ಈ ಹಾಳೆ ಟೈಪು ಮಾಡಿಸಿದ್ದು. 'ಗುರುವಾರ ಮುಂಜಾನೆ ಗ್ರಾಹಕಳಾದ ನಾನು ಏಜೆನ್ಸಿಯ ಸೂಚನೆ ಮೀರಿ ಸ್ವತಃ ಸೋಲಾರ್ ಚಾಲೂ ಮಾಡಿರುತ್ತೇನೆ. ಇದರಿಂದ ಬಂದ ಬಿಲ್ಲಿಗೆ ನಾನೇ ಹೊಣೆ.' ಸಹಿ ಮಾಡಿದರೆ ಹೊಸ ಮೀಟರಿನ ಅರ್ಜಿ ಅವತ್ತೇ ಹೋಗುತ್ತದೆ, ಇಲ್ಲವಾದರೆ ಅದು ಮೇಜಿನ ಮೇಲೆಯೇ ಇರುತ್ತದೆ ಎಂದೂ ಹೇಳಬೇಕಿತ್ತು.

ಮಾನ್ವಿಯಲ್ಲಿ ಇಳಿದಾಗ ಹನ್ನೆರಡು. ಬಿಸಿಲು ತಲೆಯ ಮೇಲೆ ಕೈಯಿಟ್ಟು ಒತ್ತುತ್ತಿತ್ತು. ಓಣಿಯ ತಿರುವಿನವರೆಗೆ ಹೋಗಿ ಅವನು ಎರಡು ಸಲ ವಾಪಸ್ ಬಂದ. ಒಂದು ಸಲ ಸೋಡಾ ಕುಡಿಯಲು, ಇನ್ನೊಂದು ಸಲ ಯಾವ ಕಾರಣವೂ ಇಲ್ಲದೆ. ಹೇಳಬೇಕಾದ್ದನ್ನು ಮೂರು ರೀತಿ ಜೋಡಿಸಿಕೊಂಡ. ಮೂರರಲ್ಲೂ ತಾನು ಪುಢಾರಿಯ ಹಾಗೆ ಕೇಳಿಸುತ್ತಿದ್ದ.

ಅಕ್ಕೋರು ಬಾಗಿಲಲ್ಲೇ ಇದ್ದರು, ಕಾಯುತ್ತಿದ್ದವರಂತೆ. ಅವನು ಹಾಳೆ ತೆಗೆಯುವ ಮೊದಲೇ ಗೋಡೆಯ ಕ್ಯಾಲೆಂಡರನ್ನು ಕಳಚಿ ಅವನ ಕೈಗೆ ಕೊಟ್ಟರು. ಒಂದು ತಿಂಗಳಿಂದ ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಮೀಟರಿನ ಅಂಕಿಯನ್ನು ಆಯಾ ತಾರೀಖಿನ ಮನೆಯಲ್ಲಿ ಬರೆದಿದ್ದರು. ಅಕ್ಷರ ಕಪ್ಪುಹಲಗೆಯ ಮೇಲಿನಷ್ಟು ದುಂಡಗೆ. ರಾತ್ರಿಗೆ ನಾಲ್ಕು ಯೂನಿಟ್, ಹಗಲಿಗೆ ಆರು. ಎರಡು ತಾರೀಖುಗಳ ಸುತ್ತ ಮಾತ್ರ ಕೆಂಪು ಗೆರೆ ಎಳೆದಿದ್ದರು. ಅವೆರಡೂ ಏಕಾದಶಿ.

"ಏಕಾದಶಿ ದಿನ ನಮ್ಮನ್ಯಾಗ ಅಡಿಗಿ ಇಲ್ಲ. ಗ್ರೈಂಡರ್ ತಿರಗೂದಿಲ್ಲ, ಇಂಡಕ್ಷನ್ ಹಚ್ಚೂದಿಲ್ಲ," ಎಂದರು ಅಕ್ಕೋರು. "ಅವತ್ತೇ ಹಗಲು ಎಂಟು ಯೂನಿಟ್ ಓಡ್ಯದ. ನಾವು ಉಪವಾಸ ಕೂತ್ರ ನಿನ್ನ ಮೀಟರ್ ಹೊಟ್ಟಿ ತುಂಬ ಉಣ್ಲಿಕ್ಕತ್ತದಲ್ಲ, ಯಾಕ?"

ಉರುಕುಂದಪ್ಪನಿಗೆ ಉತ್ತರ ಗೊತ್ತಿತ್ತು. ಖಾಜಾನ ದನಿಯಲ್ಲೇ ಗೊತ್ತಿತ್ತು. ಅಕ್ಕೋರು ವೇದಶ್ರೀಗೆ ಹೇಳಿ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಬಂದ್ ಮಾಡಿಸಿ, ಅವನನ್ನು ಮೀಟರಿನ ಮುಂದೆ ನಿಲ್ಲಿಸಿದರು. ವರ್ಷವಿಡೀ ಸೋಲಾರ್ ಮಾರಿದವನು ಒಂದು ಮೀಟರನ್ನು ಒಂದು ನಿಮಿಷ ನೆಟ್ಟಗೆ ನೋಡಿದ್ದು ಅದೇ ಮೊದಲು. ಮನೆಯೊಳಗೆ ಫ್ಯಾನಿನ ಸದ್ದೂ ಇಲ್ಲ. ಮೀಟರಿನ ಕೆಂಪು ದೀಪ ಮಾತ್ರ ಅವನ ಕಾಲಿನಂತೆಯೇ ಪಟಪಟ ಮಿಟುಕುತ್ತಿತ್ತು.

"ಈಗ ನೀ ಒತ್ತಿದ್ದನ್ನ ಇಳಿಸು," ಎಂದರು.

ಅವನು ಮೆಟ್ಟಿಲ ಕೆಳಗೆ ಬಗ್ಗಿ ಗುಂಡಿ ಇಳಿಸಿದ. ಕೆಂಪು ದೀಪ ನಿಂತುಹೋಯಿತು. ಮಾಳಿಗೆಯ ಮೇಲಿಂದ ಹೊರಗೆ ಹೋಗುತ್ತಿದ್ದ ಬಿಸಿಲನ್ನೆಲ್ಲ ಹಳೆಯ ಮೀಟರು ಇವರೇ ಉರಿಸಿದ್ದೆಂದು ಎಣಿಸುತ್ತ ಬಂದಿತ್ತು. ವೇದಶ್ರೀ ಹೊಸ್ತಿಲಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಪರೀಕ್ಷೆಯ ವರ್ಷ ಒಂದು ತಿಂಗಳು ಫ್ಯಾನಿಲ್ಲದೆ ಓದೀನಿ, ನೀವು ಸೆಟ್ ಆಗ್ತದ ಅಂದ್ರಿ ಅಂತ, ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಗ ಅವನು ಹಾಳೆ ತೆಗೆದುಕೊಟ್ಟ. ಬೇರೇನು ಮಾಡಬೇಕೆಂದು ತೋಚದೆ ಕೊಟ್ಟ. ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಮೊದಲಿಂದ ಓದಿದರು. ಸಿಟ್ಟು ಬರುವುದೆಂದು ಅವನು ಕಾಯುತ್ತಿದ್ದರೆ ಅವರ ತುಟಿಯಂಚಿನಲ್ಲಿ ನಗು ಬಂತು.

"ಇದನ್ನ ಬರದಾಂವ ನಮ್ಮ ಓಣಿ ನೋಡಿಲ್ಲ ಕಾಣಸ್ತದ. ಗುರುವಾರ ಮುಂಜಾನೆ ತುಳಸಿಬಾಯಿ ಮಡೀಲಿದ್ದು ಕರೆಂಟಿನ ಗುಂಡಿ ಮುಟ್ಟ್ಯಾಳ ಅಂದ್ರ, ಬಿಲ್ಲಿನಕಿಂತ ದೊಡ್ಡ ಸುದ್ದಿ ಆಗ್ತದೋ ಮಾರಾಯ. ಅವತ್ತು ಯಾರು ಒತ್ತಿದ್ರು ಅನ್ನೂದು ನಿನಗ ಗೊತ್ತದ, ನನಗ ಗೊತ್ತದ. ನಾಲ್ಕು ಮೊಳ ದೂರ ನಿಂತು ನಾನೇ ನೋಡೀನಿ."

ಫೋನು ಬಡಿದುಕೊಂಡಿತು. ಹನುಮಂತ್ರಾಯ. ಉರುಕುಂದಪ್ಪ ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಅವನನ್ನು ದೂರ ನಿಲ್ಲಿಸಿದ್ದ ಆ ನಾಲ್ಕು ಮೊಳವೇ ಈಗ ಅವನ ಬೆರಳಿಗೆ ಸಾಕ್ಷಿಯಾಗಿ ನಿಂತಿತ್ತು. ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಒತ್ತಿದವನು ನಾನೇ ಎಂದು ಕರೆಂಟಿನ ಕಚೇರಿಗೆ ಬರೆದುಕೊಟ್ಟರೆ ಇದ್ದೊಂದು ಕೆಲಸವೂ ಹೋಗುತ್ತದೆ, ಊರಲ್ಲಿ ಅವ್ವ ಇದ್ದಾಳೆ ಎಂದ. ಅಕ್ಕೋರು ಸಹಿ ಇಲ್ಲದ ಹಾಳೆಯನ್ನು ಮಡಚಿ ಅವನಿಗೇ ವಾಪಸ್ ಕೊಟ್ಟು, ಒಳಗೆ ಹೋಗಿ ಮಜ್ಜಿಗೆ ತಂದರು. ಇದನ್ನ ತಗೊಂಡು ಹೋಗಬೇಕಂದ್ರ ಹೋಗು, ನನ್ನ ಅರ್ಜಿ ನಾ ಬರಕೋತೀನಿ ಎಂದರು. ತಡೆಯಲೂ ಇಲ್ಲ.

ಅವನು ಮಜ್ಜಿಗೆ ಕುಡಿದ. ಲೋಟ ಕೆಳಗಿಡಲು ಹೋದವನು ಇಡದೆ, ಒಂದು ಬಿಳಿ ಹಾಳೆ ಕೊಡ್ರಿ ಎಂದ.

ಬರೆಯುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ಸಲ ಅವನು, ಏಜೆನ್ಸಿಯವರು ಸೋಲಾರ್ ಚಾಲೂ ಮಾಡಿದರು ಎಂದು ಬರೆದ. ಅಕ್ಕೋರು ಓದಿ, ಏಜೆನ್ಸಿಗೆ ಬೆರಳು ಅದಾವೇನು ಎಂದು ಕೇಳಿದರು. ಅವನು ಹರಿದು ಇನ್ನೊಂದು ಬರೆದ. ದೇವದುರ್ಗ ತಾಲೂಕು ಜಾಲಹಳ್ಳಿಯ ಉರುಕುಂದಪ್ಪ ಎಂಬ ನಾನು, ಹೊಸ ಮೀಟರ್ ಬರುವ ಮೊದಲು ಗುಂಡಿ ಒತ್ತಬಾರದೆಂದು ಗೊತ್ತಿದ್ದೂ ಒತ್ತಿದೆ. ಕೇಳಿದಾಗ ಸುಳ್ಳು ಹೇಳಿದೆ. ಗ್ರಾಹಕರಿಗೆ ಇದು ತಿಳಿಸಿರಲಿಲ್ಲ. ಅಕ್ಕೋರು ತಮ್ಮ ಅರ್ಜಿಯಲ್ಲಿ ಎರಡು ಬಿಲ್ಲನ್ನು ಮರುಪರಿಶೀಲಿಸಬೇಕು, ಹೊಸ ಮೀಟರ್ ಕೂಡಿಸಬೇಕು ಎಂದು ಕೇಳಿ, ಕ್ಯಾಲೆಂಡರಿನ ಹಾಳೆಯ ಜೆರಾಕ್ಸ್ ಹಚ್ಚಿದರು. ಮೂವರೂ ಕರೆಂಟಿನ ಕಚೇರಿಗೆ ನಡೆದರು. ಅಲ್ಲಿನ ಸಾಹೇಬರು ಏಕಾದಶಿಯ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿ, ಪರಿಶೀಲನೆಗೆ ಕಳಿಸುತ್ತೇವೆ ಎಂದರು. ಬಾಯಿಮಾತು ಸಾಲದು ಎಂದು ಅಕ್ಕೋರು ತಮ್ಮ ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಂಡೇ ಕದಲಿದ್ದು. ಬಿಲ್ಲು ಇಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ತಪ್ಪು ಯಾರದು ಎಂಬುದಕ್ಕೆ ಈಗ ಮುದ್ರೆ ಬಿದ್ದಿತ್ತು.

ಹೊರಗೆ ಬಂದ ಮೇಲೆ ಅಕ್ಕೋರು ಕೊಡೆ ಬಿಚ್ಚುತ್ತ, "ಹಿಂಗ ಇನ್ನ ಎಷ್ಟು ಮನ್ಯಾಗ ಒತ್ತೀದಿ?" ಎಂದರು.

ಉರುಕುಂದಪ್ಪ ನೆಲ ನೋಡಿದ. ದೇವದುರ್ಗದಾಗ ಆರು, ಎಂದ.

ಅಕ್ಕೋರು ಕೈಗಡಿಯಾರ ನೋಡಿದರು. ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ದೇವದುರ್ಗದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ; ಕೂತರಲ್ಲವೇ ಕಾಲು ಅಲುಗುವುದು, ಅದೇ ವಾಸಿಯೆನಿಸಿತು. ಕಚೇರಿಗೆ ಬರೆದುಕೊಟ್ಟ ಪತ್ರದ ಫೋಟೋವನ್ನು ಹನುಮಂತ್ರಾಯನಿಗೆ ಕಳಿಸಿದ. ಎರಡು ನೀಲಿ ಗೆರೆ ಬಂದವು. ಹತ್ತು ನಿಮಿಷಕ್ಕೆ ಅವನನ್ನು ಗ್ರೂಪಿನಿಂದ ತೆಗೆದರು. ಒಂದೂ ಹೆಬ್ಬೆರಳು ಬೀಳಲಿಲ್ಲ.

ಮೊದಲ ಮನೆ ಟೇಲರ್ ಮಹಾಂತಮ್ಮನದು. ಅವಳ ಮಾಳಿಗೆಯ ಫಲಕ ಚಾಲೂ ಆಗಿ ಇನ್ನೂ ಎರಡು ವಾರ, ಬಿಲ್ಲು ಬಂದಿರಲಿಲ್ಲ. ಅವನು ಬಂದವನೇ ಗುಂಡಿ ಇಳಿಸಿದ್ದು ಕಂಡು ಅವಳು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು. ಅವನು ಎಲ್ಲ ಹೇಳಿದ, ಉಸಿರು ನಿಲ್ಲಿಸದೆ. ಅವಳು ಕೇಳುತ್ತ ಕೇಳುತ್ತ ಬಾಯಿಗೆ ಬಂದದ್ದನ್ನೆಲ್ಲ ಅಂದಳು; ಅದರಲ್ಲಿ ಅವನು ಅಲ್ಲಗಳೆಯುವಂಥದ್ದು ಏನೂ ಇರಲಿಲ್ಲ. ಹೊಸ ಮೀಟರ್ ಬರೂತನಕ ಇದನ್ನ ಮುಟ್ಟಬ್ಯಾಡ್ರಿ, ದಿನಾ ಈ ನಂಬರ್ ಬರ್ದಿಡ್ರಿ, ನಾಳಿ ನಾನೇ ಬಂದು ಅರ್ಜಿ ಕೊಡಿಸ್ತೀನಿ ಎಂದ.

ಮಹಾಂತಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ಅವನ ಕೈಗಿಟ್ಟಳು. ಅವನು ಮೀಟರಿನ ಪಕ್ಕದ ಗೋಡೆಯ ಮೇಲೆ ಅಂಕಿ ಬರೆದ, ತಾರೀಖು ಬರೆದ.

"ನಾಳಿ ನೀ ಬರ್ಲಿಲ್ಲಂದ್ರ ನಾ ಯಾರನ್ನ ಹುಡುಕ್ಲಿ?" ಎಂದಳು. "ನಿನ್ನ ಹೆಸರೂ ಬರಿ. ಅಪ್ಪನ ಹೆಸರು, ಊರು, ಎಲ್ಲಾ ಬರಿ."

ಅವನು ಅಂಕಿಯ ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಜಾಲಹಳ್ಳಿ, ಮೊಬೈಲ್ ನಂಬರ್ ಬರೆದ. ಸುಣ್ಣದ ತುಂಡು ಮುರಿಯಿತು. ಉಳಿದ ಚೂರನ್ನು ಕಿಸೆಗೆ ಹಾಕಿಕೊಂಡು, ಇನ್ನೂ ಐದು ಮನೆ, ಹೊತ್ತು ಮುಳುಗುವುದರೊಳಗೆ ಮುಟ್ಟಬೇಕೆಂದು ಬಿರಬಿರನೆ ಹೆಜ್ಜೆ ಹಾಕಿದ.