ಒಂಬತ್ತನೇ ಕಲಮಿನ ಕೆಂಪು ಗೆರೆ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹರೆಯದಲ್ಲಿ ಯಾವುದೋ ಕಬ್ಬಿಣದ ಕಪಾಟಿನ ಬಾಗಿಲಿಗೆ ಸಿಕ್ಕ ಬೆರಳಂತೆ ಅದು. ಆ ಬೆರಳು ಮೌಸಿನ ಮೇಲೆ ಆರಾಮಾಗಿ ಕೂತದ್ದನ್ನು ನಾನು ನೋಡಲೇ ಇಲ್ಲ. ಯಾವಾಗಲೂ ಅರ್ಧ ಅಂಗುಲ ಮೇಲೆ ನಿಂತಿರುತ್ತಿತ್ತು. ಪರದೆಯ ಮೇಲೆ ಕೆಂಪು ಅಕ್ಷರದ ಒಂದು ತಿದ್ದುಪಡಿ, ಮೇಲುಗಡೆ ಒಪ್ಪಿಕೊಳ್ಳುವ ಬಟನ್ನು, ಅದರ ಪಕ್ಕ ತಳ್ಳಿಹಾಕುವ ಬಟನ್ನು, ಟೇಬಲ್ಲಿನ ಆಚೆ ಬದಿಗೆ ಬೆವರುತ್ತ ಕೂತ ಒಂದು ಮನೆತನ. ಬೆರಳು ಮಾತ್ರ ಇಳಿಯದು. ಪಕ್ಕದಲ್ಲಿ ಕೂತ ನನಗೆ ಆ ಬೆರಳನ್ನು ಹಿಡಿದು ನಾನೇ ಒತ್ತಿಬಿಡಲೇ ಎನ್ನಿಸಿದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ.

ಅವರು ಧಾರವಾಡದಲ್ಲಿ ನನ್ನ ಸೀನಿಯರ್ ವಕೀಲರು. ಕಾನೂನು ಓದಿ ಮುಗಿಸಿ ಕರಿಕೋಟು ಹೊಲಿಸಿಕೊಂಡ ವರ್ಷವೇ ಅವರ ಆಫೀಸು ಸೇರಿದೆ. ಕೋರ್ಟಿನಲ್ಲಿ ಗುಡುಗುವುದನ್ನು ಕಲಿಯಬೇಕೆಂದು ಹೋದವಳಿಗೆ ಸಿಕ್ಕಿದ್ದು ವಾಟ್ನಿ ಪತ್ರಗಳು. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆ, ಹೊಲ, ಅಂಗಡಿ ಹಂಚಿಕೊಂಡು ಬರೆಸುವ ಕಾಗದಕ್ಕೆ ನಮ್ಮ ಕಡೆ ವಾಟ್ನಿ ಪತ್ರ ಎನ್ನುತ್ತಾರೆ. ಕೋರ್ಟಿನ ಮೆಟ್ಟಿಲು ಹತ್ತಿಸದೆ ಅದನ್ನು ಮುಗಿಸಿಕೊಡುತ್ತಾರೆಂದು ಅವರಿಗೆ ಹುಬ್ಬಳ್ಳಿ ತನಕ ಹೆಸರಿತ್ತು. ಹತ್ತಿ ವ್ಯಾಪಾರದವರು, ಕಾಳಿನ ಅಂಗಡಿಯವರು, ಪ್ರೊಫೆಸರುಗಳು, ಎಲ್ಲರೂ ಬರುತ್ತಿದ್ದರು. ಬರುವಾಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: "ನಮ್ಮೊಳಗ ಏನೂ ಜಗಳ ಇಲ್ರಿ."

ಅವರ ಕೆಲಸದ ರೀತಿ ಹೀಗಿತ್ತು. ಮೊದಲು ಕರಡು ನಾನು ಟೈಪು ಮಾಡುತ್ತಿದ್ದೆ. ಅದು ಮೇಲ್ ಮೂಲಕ ಮನೆತನದ ಪ್ರತಿಯೊಬ್ಬರಿಗೂ ಹೋಗುತ್ತಿತ್ತು. ಅವರವರು ತಮಗೆ ಬೇಕಾದಂತೆ ತಿದ್ದಿ ನಮ್ಮ ಆಫೀಸಿಗೆ ವಾಪಸು ಕಳಿಸಬೇಕು. ಕಡತದಲ್ಲಿ ಟ್ರ್ಯಾಕ್ ಚೇಂಜಸ್ ಹಾಕಿಟ್ಟಿರುತ್ತಿದ್ದುದರಿಂದ ಸೇರಿಸಿದ್ದು, ಹೊಡೆದುಹಾಕಿದ್ದು ಎಲ್ಲ ಎದ್ದು ಕಾಣುತ್ತಿತ್ತು. ಯಾರು ಯಾವಾಗ ತಿದ್ದಿದರೆಂದೂ ತಿಳಿಯುತ್ತಿತ್ತು. ಎಲ್ಲರ ತಿದ್ದುಪಡಿಗಳನ್ನೂ ಒಂದೇ ಕಡತಕ್ಕೆ ಕೂಡಿಸುವುದು ನನ್ನ ಪಾಲಿನ ಕೆಲಸ. ಕೂಡಿಸಿದ ಮೇಲೆ ಎಲ್ಲರ ಬಣ್ಣವನ್ನೂ ಒಂದೇ ಕೆಂಪು ಮಾಡಿಸುತ್ತಿದ್ದರು, ಹೆಸರುಗಳನ್ನು ಮರೆಮಾಡಿಸುತ್ತಿದ್ದರು. ಆದರೂ ಅಕ್ಷರದ ಮೇಲೆ ಬಾಣದ ಗುರುತು ಒಯ್ದರೆ ಹೆಸರು ಟಪ್ಪಂತ ಮೇಲೆ ಬರುತ್ತದಲ್ಲ, ಅದಕ್ಕೆ ಬಾಣವನ್ನು ಅಕ್ಷರಗಳ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಆಮೇಲೆ ಎಲ್ಲರನ್ನೂ ಊಟದ ನಂತರ ಕರೆಸುತ್ತಿದ್ದರು. ಎಷ್ಟೇ ದೊಡ್ಡ ಕುಳ ಆಗಿರಲಿ, ಬೆಳಗಿನ ಹೊತ್ತು ಕೊಡುತ್ತಿರಲಿಲ್ಲ. "ಮುಂಜಾನಿ ಮಂದಿಗೆ ಜಗಳಾಡಾಕ ಕಸುವು ಇರ್ತೈತ್ರಿ ವಕೀಲ್ರ," ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದೇ ಹಾಗೆ, ಚೇಷ್ಟೆಗೆ. "ಉಂಡು ಬರ್ಲಿ. ದಣದ ಮನಶಾ ಸುಳ್ಳು ಹೇಳೂದು ಕಡಿಮಿ."

ಕರಡು ಗೋಡೆಯ ಟೀವಿಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಅವರು ಒಂದೊಂದು ತಿದ್ದುಪಡಿಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ಬರೆದವರು ತಾವೇ ಮುಂದಾಗಿ, ಎಲ್ಲರೆದುರು, ಅದು ತಮ್ಮದೆಂದೂ ಯಾಕೆ ಬೇಕೆಂದೂ ಬಾಯಿಬಿಟ್ಟು ಹೇಳಬೇಕು. ಉಳಿದವರು ಹೂಂ ಅಂದರೆ ಒಪ್ಪಿಗೆ. ಯಾರೂ ಬಾಯಿ ಬಿಡದಿದ್ದರೆ ಆ ಕೆಂಪಕ್ಷರ ಹೋದಂತೆಯೇ. ಅಷ್ಟೇ ಅವರ ಕಾಯಿದೆ. ರಾತ್ರಿ ಬಾಗಿಲು ಹಾಕಿಕೊಂಡು ಟೈಪು ಮಾಡಿದ ಧೈರ್ಯ, ನಾದಿನಿ ಎದುರಿಗೆ ಕೂತಿರುವಾಗ ಎಷ್ಟೋ ಮಂದಿಗೆ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಯಜಮಾನರು ಹೊಲದ ಬಾವಿಯ ನೀರು ತಮಗೊಬ್ಬರಿಗೇ ಎಂದು ಸೇರಿಸಿದ್ದರು. ಓದಿದ ಕೂಡಲೇ ಯಜಮಾನರ ಮುಖ ಸಣ್ಣದಾಯಿತು. "ಅದು ನಮ್ಮ ಅಳಿಯ ಟೈಪ್ ಮಾಡ್ಯಾನ್ರಿ," ಎಂದರು. "ಹಂಗಾದ್ರ ಅಳಿಯನ್ನ ಕರೀರಿ, ಕಾಯ್ತೇವಿ," ಎಂದು ಇವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಯೇಬಿಟ್ಟರು. ಅಳಿಯ ಬರಲಿಲ್ಲ. ಸಂಜೆಯ ಚಹಾ ಬರುವ ಹೊತ್ತಿಗೆ ಬಾವಿ ಮತ್ತೆ ಎಲ್ಲರದಾಗಿತ್ತು.

ನನಗೋ ಸಾಕುಸಾಕಾಗಿ ಹೋಗುತ್ತಿತ್ತು. ಹೆಸರಿನ ಮೊದಲು ಶ್ರೀ ಹಾಕಿದ್ದು, ಕಿಟಕಿಯನ್ನು ಖಿಡಕಿ ಮಾಡಿದ್ದು, ಇಂಥದ್ದಕ್ಕೂ ಬೆರಳು ಮೇಲೆಯೇ ನಿಂತಿರುತ್ತಿತ್ತು. ಎಲ್ಲವನ್ನೂ ಒಂದೇ ಸಲಕ್ಕೆ ಒಪ್ಪುವ ಬಟನ್ನು ಇದೆ ಸರ್ ಎಂದು ಒಮ್ಮೆ ಅವರಿಗೆ ತೋರಿಸಿಕೊಟ್ಟೆ. ಕನ್ನಡಕದ ಮೇಲಿಂದ ನೋಡಿದರು. "ಎಲ್ಲಾ ಒಮ್ಮೆಲೇ ಒಪ್ಪಗೊಳ್ಳೂದು ಮದುವಿ ದಿನ ಅಷ್ಟರಿ. ಮರುದಿನದಿಂದ ಅಲ್ಲೂ ಒಂದೊಂದ ನೋಡಬೇಕಾಗತೈತಿ," ಎಂದರು. ನನಗೆ ನಗುವುದಕ್ಕೂ ತ್ರಾಣ ಇರಲಿಲ್ಲ ಆವತ್ತು.

ಆಫೀಸು ಮುಚ್ಚಿದ ಮೇಲೆ ಅರಿವೆ ಚೀಲ ಹಿಡಿದು ತಾವೇ ಕಾಯಿಪಲ್ಲೆ ತರಲು ಹೋಗುತ್ತಿದ್ದರು. ಬಸ್ ಸ್ಟಾಪಿನ ತನಕ ನಾನೂ ಜೊತೆಗೆ. ದಾರಿಯುದ್ದಕ್ಕೂ ನಮಸ್ಕಾರ ಹೊಡೆಯುವವರು, ಅವರಿಗೆಲ್ಲ ಇವರ ವಾಪಸು ನಮಸ್ಕಾರ. "ಆರಾಮ ಅದೀರಿಲ್ಲೋ, ತಮ್ಮಾರು ಹ್ಯಾಂಗದಾರ?" ಎಂದು ಕೇಳುತ್ತಿದ್ದರು. ಅದೇ ತಮ್ಮನ ಪಾಲಿನ ಅಂಗಳವನ್ನು ಆ ಮನುಷ್ಯ ಕರಡಿನಲ್ಲಿ ಸದ್ದಿಲ್ಲದೆ ಹೊಡೆದುಹಾಕಿದ್ದು ನನಗೆ ಗೊತ್ತಿರುತ್ತಿತ್ತು, ಅವರಿಗೂ ಗೊತ್ತಿರುತ್ತಿತ್ತು. ಅವರ ನಮಸ್ಕಾರದಲ್ಲಿ ಮಾತ್ರ ಒಂದಿಷ್ಟೂ ಫರಕು ಕಾಣುತ್ತಿರಲಿಲ್ಲ. ಇದು ವಕೀಲಿಯ ನಯ, ಒಳಗೊಂದು ಹೊರಗೊಂದು ಎಂದುಕೊಳ್ಳುತ್ತಿದ್ದೆ. ನನ್ನ ತವರಿನ ಕಾಗದ ಅದೇ ಟೇಬಲ್ಲಿಗೆ ಬರುವತನಕ ಹಾಗೇ ಅಂದುಕೊಂಡಿದ್ದೆ.

ಅವ್ವ ಮೊದಲೇ ಹೋಗಿದ್ದಳು. ಅಪ್ಪ ತೀರಿಕೊಂಡ ಮರುವರ್ಷ ಅಣ್ಣಂದಿರಿಬ್ಬರೂ ಬೇರೆಯಾಗುವ ಮಾತೆತ್ತಿದರು. ಹುಬ್ಬಳ್ಳಿ ದೇಶಪಾಂಡೆ ನಗರದ ಮನೆ ಅವರಿಬ್ಬರಿಗೆ, ಹತ್ತಿರದ ಸುಳ್ಳ ಗ್ರಾಮದ ಹೊಲದಲ್ಲಿ ನನಗೊಂದು ತುಂಡು ಎಂದು ಮಾತಾಯಿತು. ಅದರಲ್ಲಿ ನನಗೆ ತಕರಾರಿರಲಿಲ್ಲ. ನನಗಿದ್ದ ಚಿಂತೆ ಅತ್ತಿಯದು. ಅತ್ತಿ ಅಪ್ಪನ ತಂಗಿ, ಮದುವೆ ಒಲ್ಲೆ ಎಂದವಳು. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಹೊಲಿಗೆ ಕ್ಲಾಸು ನಡೆಸಿಕೊಂಡು, ನಮ್ಮ ಮೂವರ ಅಂಗಿ, ಲಂಗ, ಸಾಲಿ ಚೀಲ ಎಲ್ಲ ಹೊಲಿದು ದೊಡ್ಡವರನ್ನಾಗಿ ಮಾಡಿದವಳು. ಮನೆ ಅಪ್ಪನ ಸ್ವಂತ ದುಡಿಮೆಯದಾದ್ದರಿಂದ ಕಾನೂನಿನ ಪ್ರಕಾರ ಅವಳಿಗೆ ಅದರಲ್ಲಿ ಏನೂ ಇರಲಿಲ್ಲ. ಆ ಎರಡು ಕೋಣೆಗಳು ರಸ್ತೆಗೆ ಮುಖಮಾಡಿದ್ದವು. ಮಳಿಗೆ ಮಾಡಿ ಬಾಡಿಗೆಗೆ ಕೊಟ್ಟರೆ ಯಾರಿಗಾದರೂ ಆಸೆ ಹುಟ್ಟುವಂಥವು. ಅದಕ್ಕೇ ನಾನು ಒಂಬತ್ತನೇ ಕಲಮನ್ನು ಬರೆದೆ: "ನಮ್ಮ ಅತ್ತೆಯವರು ಜೀವಂತ ಇರುವತನಕ ಮುಂಭಾಗದ ಎರಡು ಕೋಣೆಗಳಲ್ಲಿ ವಾಸ ಮಾಡತಕ್ಕದ್ದು, ಅವರನ್ನು ಯಾರೂ ಎಬ್ಬಿಸತಕ್ಕದ್ದಲ್ಲ."

ಅಣ್ಣಂದಿರ ಮೇಲ್ ಬಂದವು. ದಿನದಂತೆ ನಾನೇ ತೆರೆದು ಕೂಡಿಸಿದೆ. ಒಂಬತ್ತನೇ ಕಲಮಿನ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಗೆರೆ ಎಳೆದಿತ್ತು. ಬಾಣ ಒಯ್ದು ಹೆಸರು ನೋಡಿದೆ. ಇಬ್ಬರಲ್ಲಿ ಒಬ್ಬನದು. ಸಿಟ್ಟು ಬಂತು. ಎದ್ದು ಹೋಗಿ ಸೀನಿಯರ್ ಎದುರು ನಿಂತು, "ಸರ್, ಈ ಸಲ ಹೆಸರು ತೋರಸ್ರಿ. ಟೀವಿ ಮ್ಯಾಲೆ ಎಲ್ಲಾರಿಗೂ ಕಾಣ್ಲಿ," ಎಂದೆ.

"ನಾಳೆ ನೀವು ನನ್ನ ಬಾಜೂಕ ಕುಂದರಬ್ಯಾಡ್ರಿ, ಆ ಕಡೆ ಕುಂದರ್ರಿ," ಎಂದರು. ಮತ್ತೆ, "ಅತ್ತಿಯವರನ್ನೂ ಕರಕೊಂಡ ಬರ್ರಿ," ಎಂದರು.

ಅತ್ತಿಯ ಒಂದು ಕಣ್ಣಿನ ಪೊರೆಯನ್ನು ಆಗಷ್ಟೇ ತೆಗೆಸಿದ್ದೆವು. ಕಪ್ಪು ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟುಕೊಂಡು, ಮದುವೆಗೆ ಬಂದವಳಂತೆ ನನ್ನ ಪಕ್ಕ ಕೂತಳು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷಿನು ಇಟ್ಟುಕೊಂಡ ದೊಡ್ಡಣ್ಣ ಕೆಲಸದ ಅಂಗಿಯಲ್ಲೇ ಬಂದಿದ್ದ. ಬ್ಯಾಂಕಿನ ಸಣ್ಣಣ್ಣ ಅರ್ಧ ದಿನ ರಜೆ ಹಾಕಿ ಬಂದಿದ್ದ. ಒಂದರಿಂದ ಎಂಟರವರೆಗೆ ಎಲ್ಲ ಸರಾಗ ಹೋಯಿತು. ಸೀನಿಯರ್ ಓದುವುದು, ಅಣ್ಣಂದಿರು ಹೇಳುವುದು, ಬೆರಳು ಇಳಿಯುವುದು.

ಒಂಬತ್ತಕ್ಕೆ ಬಂದು ಓದುವುದನ್ನು ನಿಲ್ಲಿಸಿದರು. ಅಷ್ಟು ವರ್ಷಗಳಲ್ಲಿ ಅವರು ಓದದೆ ಬಿಟ್ಟ ತಿದ್ದುಪಡಿ ಅದೊಂದೇ. "ಒಂಬತ್ತನೇ ಕಲಮಿನ ಮ್ಯಾಲೆ ಕೆಂಪು ಗೆರಿ ಐತಿ," ಎಂದರು. "ಕಣ್ಣಿದ್ದವರಿಗೆ ಕಾಣಾಕತ್ತೈತಿ. ಇದು ಬ್ಯಾಡ ಅನ್ನೂದು ಯಾರ ವಿಚಾರ, ಅವರು ಹೇಳ್ರಿ. ಯಾಕ ಬ್ಯಾಡ ಅನ್ನೂದನ್ನೂ ಹೇಳ್ರಿ."

ದೊಡ್ಡಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ. ಸಣ್ಣಣ್ಣ ಮೊಬೈಲು ನೋಡುತ್ತಿದ್ದ.

"ಏನೈತ್ರಿ ವಕೀಲ್ರ ಅದ್ರಾಗ?" ಎಂದು ಅತ್ತಿ ಕೇಳಿದಳು. "ನನಗ ಬರೇ ಬೆಳಕ ಕಾಣತೈತಿ."

"ಮಾಳಿಗಿ ಮ್ಯಾಲಿನ ನೀರಿನ ಟಾಕಿದು ಏನೋ ಐತ್ರಿ ಬಾಯಾರ," ಎಂದರು ಸೀನಿಯರ್.

"ಹೌದು, ಅದು ಸೋರತೈತಿ. ಇಬ್ಬರೂ ಕೂಡಿ ರಿಪೇರಿ ಮಾಡಸ್ರಪಾ," ಎಂದಳು ಅತ್ತಿ, ಅಣ್ಣಂದಿರು ಕೂತ ದಿಕ್ಕಿಗೆ ಮುಖ ತಿರುಗಿಸಿ.

ನನಗೆ ತಡೆಯಲಾಗಲಿಲ್ಲ. ಹೆಸರು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ಸೀನಿಯರ್ ನನ್ನ ಕಡೆ ನೋಡದೆಯೇ, "ಯವ್ವಾ, ನೀ ಸುಮ್ಮ ಕುಂದ್ರು," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕೂತೆ.

"ಇನ್ನೊಮ್ಮೆ ಕೇಳತೇನಿ. ಯಾರರ ಹೇಳವರು ಅದೀರೇನು?"

ಫ್ಯಾನು ತಿರುಗುತ್ತಿತ್ತು. ಆ ಬೆರಳು ಮೌಸಿನ ಮೇಲೆ ನಿಂತೇ ಇತ್ತು. ಅಣ್ಣಂದಿರಲ್ಲಿ ಒಬ್ಬ ಎದ್ದು ಹೇಳಿಬಿಟ್ಟರೆ ನಾನು ಹೂಂ ಅನ್ನುವುದಿಲ್ಲ, ಕಾಗದ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಅತ್ತಿಯ ಕೋಣೆಯೂ ಹೋಯಿತು, ಮನೆತನವೂ ಹೋಯಿತು ಎಂದು ನಾನು ಸೀರೆಯ ಸೆರಗನ್ನು ಮುದ್ದೆ ಮಾಡಿ ಹಿಡಿದಿದ್ದೆ. ಯಾರೂ ಏಳಲಿಲ್ಲ. ಬೆರಳು ಇಳಿಯಿತು. ಕೆಂಪು ಗೆರೆ ಮಾಯವಾಗಿ ನಾನು ಬರೆದ ಸಾಲು ಕಪ್ಪಕ್ಷರದಲ್ಲಿ ಇದ್ದಲ್ಲೇ ಉಳಿಯಿತು.

"ಆತು. ಹತ್ತನೇ ಕಲಂ," ಎಂದು ಓದತೊಡಗಿದರು.

ಎಲ್ಲರೂ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. ಮೇಲ್‌ನಲ್ಲಿ ಬಂದ ಮೂಲ ಕಡತ ಇನ್ನೂ ಇದೆ, ಅದರಲ್ಲಿ ಹೆಸರಿದೆ, ಪ್ರಿಂಟು ತೆಗೆದಿಟ್ಟುಕೊಳ್ಳುತ್ತೇನೆ, ನಾಳೆ ಬೇಕಾದೀತು ಎಂದೆ. ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಅಷ್ಟು ದಣಿದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ನಿಮಗ ಅತ್ತಿ ಕ್ವಾಣಿ ಉಳೀಬೇಕಾಗಿತ್ತೋ, ಅಣ್ಣಗ ನಾಚಿಕಿ ಆಗಬೇಕಾಗಿತ್ತೋ?" ಎಂದು ಕೇಳಿದರು. "ಕ್ವಾಣಿ ಉಳೀತು. ನಾಚಿಕಿನೂ ಆಗೈತಿ, ಒಬ್ಬಾವಗ. ನಾಳೆ ಪಂಚಮಿಗೆ, ದೀಪಾವಳಿಗೆ ಅವನ ಮನ್ಯಾಗ ಕುಂತು ಉಣ್ಣಬೇಕಲ್ಲ ನೀವು? ಆ ಮೇಲ್ ತಗದ ಹಾಕ್ರಿ. ನೀವ ನಿಮ್ಮ ಕೈಲೆ ತಗೀರಿ."

"ನಾ ನೋಡಿಬಿಟ್ಟೇನಲ್ರಿ ಸರ್. ಅದನ್ನ ಹ್ಯಾಂಗ ತಗೀಲಿ?"

"ಅದು ತಗ್ಯಾಕ ಬರೂದಿಲ್ಲ," ಎಂದರು ಮೆಲ್ಲಗೆ. "ಸುಳ್ಳದ ಹೊಲದ ಜೋಡಿ ಅದೂ ನಿಮ್ಮ ಪಾಲಿಗೆ ಬಂತು ಅಂತ ತಿಳಕೊಳ್ರಿ."

ಅಳುತ್ತಲೇ ಅಳಿಸಿಹಾಕಿದೆ. ಅವರ ಮೇಲೆ ನನಗೆ ಎಷ್ಟೋ ತಿಂಗಳು ಮುನಿಸಿತ್ತು.

ಅವರು ಹಾಸಿಗೆ ಹಿಡಿದದ್ದು ಅದಾದ ಕೆಲವು ವರ್ಷಕ್ಕೆ. ನೋಡಲು ಹೋದಾಗ ಒಂದು ದಿನ ಕೇಳಿಯೇಬಿಟ್ಟೆ, ಇಂಥ ಎಷ್ಟು ಮನೆಗಳ ಹೆಸರು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀರಿ ಸರ್ ಎಂದು. "ಲೆಕ್ಕಾ ಇಟ್ಟಿಲ್ರಿ," ಎಂದರು. "ಪ್ಯಾಟ್ಯಾಗ ಎದುರು ಬಂದಾಗ ಒಂದ ಕ್ಷಣ ನೆನಪಾಗತೈತಿ. ನಮಸ್ಕಾರ ಮಾಡಿದರ ಹೋಗತೈತಿ." ನಯವೆಂದು ನಾನು ತಿಳಿದಿದ್ದ ಆ ನಮಸ್ಕಾರಗಳ ದಣಿವು ಎಷ್ಟಿದ್ದೀತು ಎಂಬುದು ಆವತ್ತು ಅರ್ಥವಾಯಿತು. ಮುಂದಿನ ವಾರ ಅವರು ಹೋದರು. ಮಣ್ಣಿಗೆ ನಮ್ಮ ಅಣ್ಣಂದಿರಿಬ್ಬರೂ ಬಂದಿದ್ದರು. ಅವರಲ್ಲೊಬ್ಬ ಎಲ್ಲರೂ ಹೋದ ಮೇಲೂ ಅಲ್ಲೇ ನಿಂತಿದ್ದ. ಯಾರೆಂದು ಇಲ್ಲಿಯೂ ಬರೆಯುವುದಿಲ್ಲ.

ಈಗ ಅದೇ ಟೇಬಲ್ಲಿನ ಹಿಂದೆ ನಾನು ಕೂರುತ್ತೇನೆ. ಊಟವಾದ ಮೇಲೆ ಮನೆತನಗಳು ಬರುತ್ತವೆ, ನಮ್ಮೊಳಗ ಏನೂ ಜಗಳ ಇಲ್ರಿ ಎನ್ನುತ್ತವೆ. ಒಂದೊಂದೇ ಕೆಂಪಕ್ಷರ ಓದಿ, ಒಪ್ಪಿ, ತಳ್ಳಿ, ಸಂಜೆಯಾಗುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿರುತ್ತದೆ. ಎಷ್ಟೋ ದಿನ ಇದನ್ನು ಬಿಟ್ಟು ಕೋರ್ಟಿನಲ್ಲಿ ಹೋಗಿ ಗಟ್ಟಿಯಾಗಿ ಜಗಳವಾಡಬೇಕು ಎನ್ನಿಸುತ್ತದೆ. ರವಿವಾರ ಬಂದರೆ ಹುಬ್ಬಳ್ಳಿಗೆ ಹೋಗುತ್ತೇನೆ. ಅತ್ತಿ ಮುಂದಿನ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು, ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಕೂತಿರುತ್ತಾಳೆ. ಹಿಂದುಗಡೆಯಿಂದ ಅಣ್ಣಂದಿರು ಮಾತಾಡುವುದು ಕೇಳಿಸುತ್ತಿರುತ್ತದೆ.

"ನಮ್ಮ ಹುಡುಗ್ರು ಭಾಳ ಛಲೋ ಅದಾರವಾ," ಎಂದು ಪ್ರತಿ ಸಲ ಹೇಳುತ್ತಾಳೆ. "ಆವತ್ತ ಕಾಗದದಾಗ ನನ್ನ ಕ್ವಾಣಿ ನನಗ ಬರದ ಕೊಡೂದಕ್ಕ ಒಬ್ಬರೂ ಒಂದ ಅಡ್ಡ ಮಾತ ಎತ್ತಲಿಲ್ಲ ನೋಡು."

"ಹೌದತ್ತಿ," ಎನ್ನುತ್ತೇನೆ. "ಒಬ್ಬರೂ ಎತ್ತಲಿಲ್ಲ."