ಬಂಡೆಯ ಸಂದಿನ ಬಿಸಿನೀರು

ಬೇರೆಯವರು ಇಂಥ ಅನುಭವಗಳನ್ನು ಬರೆದಾಗ ನಾನು ಓದುತ್ತಿದ್ದದ್ದು ಒಂದೇ ಉದ್ದೇಶಕ್ಕೆ. ಬರೆದವರು ಎಲ್ಲಿ ಎಡವಿದ್ದಾರೆ ಎಂದು ಹುಡುಕುವುದಕ್ಕೆ. ಸಾಮಾನ್ಯವಾಗಿ ಸಿಕ್ಕೂ ಬಿಡುತ್ತಿತ್ತು. ಕತ್ತಲಿರುತ್ತಿತ್ತು, ದಣಿವಿರುತ್ತಿತ್ತು, ಇಲ್ಲವೇ ನಡೆದದ್ದನ್ನು ಎಷ್ಟೋ ವರ್ಷಗಳ ನಂತರ ನೆನಪಿನಿಂದ ಬರೆದಿರುತ್ತಿದ್ದರು. ನಾನು ಹೈಸ್ಕೂಲಿನಿಂದ ದಿನಚರಿ ಇಟ್ಟವನು. ಎಲ್ಲಿಗೆ ಹೋದೆ, ಯಾವ ದಾರಿ ಹಿಡಿದೆ, ಗಾಡಿ ಎಷ್ಟು ಓಡಿತು, ಎಲ್ಲವನ್ನೂ ಅದೇ ದಿನ ಬರೆದಿಡುತ್ತೇನೆ. ಇಂಥವನಿಗೆ ವಿಚಿತ್ರಗಳು ಎದುರಾಗುವುದಿಲ್ಲ ಎಂದು ನಂಬಿಕೊಂಡಿದ್ದೆ. ಈಗ ಹೇಳುತ್ತಿರುವುದು ನಡೆದಾಗ ಇನ್ನೂ ಬೆಳಕಿತ್ತು. ನಾವು ಮೂವರು ದೊಡ್ಡವರು ಪೂರ್ತಿ ಎಚ್ಚರವಿದ್ದೆವು. ಮರುದಿನ ಬೆಳಿಗ್ಗೆಯೇ ಕುಳಿತು ಬರೆದಿಟ್ಟೆ. ಎಡವಿದ್ದು ಎಲ್ಲಿ ಎಂಬುದು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಮನೆ ಸಿಂಧನೂರಿನಲ್ಲಿ. ಹೊಲ ವಳಕಮದಿನ್ನಿಯಲ್ಲಿ, ಕಾಲುವೆ ನೀರಿನ ಭತ್ತ. ನನ್ನ ಅಕ್ಕ ಗಿರಿಜಾಳನ್ನು ಹಟ್ಟಿಗೆ ಕೊಟ್ಟಿದೆ. ಭಾವ ಶರಣಪ್ಪ ಅಲ್ಲಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುತ್ತಾರೆ, ಕಂಪನಿಯ ಕ್ವಾರ್ಟರ್ಸಿನಲ್ಲಿ ವಾಸ. ಸುಮಾರು ನಾಲ್ಕು ವರ್ಷದ ಹಿಂದೆ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಅವ್ವ ಐದು ತಿಂಗಳು ಬಾಣಂತನ ಮಾಡಿದಳು. ಕಿಟಕಿಗೆ ದಪ್ಪ ಪರದೆ, ತಲೆಗೆ ಬಟ್ಟೆ, ದಿನಾ ಹಂಡೆಗಟ್ಟಲೆ ಬಿಸಿನೀರು, ನೀರಾದ ಮೇಲೆ ತಾಯಿ ಮಗಳಿಬ್ಬರಿಗೂ ಅಜವಾನದ ಹೊಗೆ. ಆ ಕೋಣೆಯಲ್ಲಿ ಕುಳಿತು ಅಕ್ಕ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಕಾರು ತೆಗೆದುಕೊಂಡು ದೇಶ ಸುತ್ತುವವರ ವಿಡಿಯೋಗಳನ್ನು. ಹೆದ್ದಾರಿ ಬಿಟ್ಟು ಅಡ್ಡದಾರಿ ಹಿಡಿಯುವುದು, ಹಿಮದ ಬೆಟ್ಟ, ನೀಲಿ ಸರೋವರ, ಕಲ್ಲುಗಳ ನಡುವೆ ಹಬೆಯಾಡುವ ಬಿಸಿನೀರಿನ ಬುಗ್ಗೆ.

"ಹಟ್ಟಿಗೆ ಹೋಗೋ ದಿನ ಸೀದಾ ಕರ್ಕೊಂಡು ಹೋಗಬ್ಯಾಡ ನೋಡು" ಎಂದು ನನಗೆ ಮೊದಲೇ ಹೇಳಿದ್ದಳು. "ಒಂದು ಗುಡ್ಡ ತೋರ್ಸು, ಒಂದು ಕೆರಿ ತೋರ್ಸು, ಒಂದು ಬಿಸಿನೀರಿನ ಬುಗ್ಗಿ ತೋರ್ಸು. ಆಮ್ಯಾಲೆ ಗಂಡನ ಮನಿಗೆ ಬಿಡು."

"ಬಿಸಿನೀರು ಬೇಕಂದ್ರ ಬಚ್ಚಲಕ್ಕ ಹೋಗು. ನಮ್ಮ ಕಡೆ ಬುಗ್ಗಿ ಎಲ್ಲಿಂದ ತರ್ಲಿ?"

"ಎಲ್ಲಿಂದರ ತಾ. ಐದು ತಿಂಗಳು ಕತ್ತಲ್ಯಾಗ ಕುಂತೀನಿ ನಾ."

ಎಳ್ಳಮಾವಾಸ್ಯೆ ಕಳೆದ ಭಾನುವಾರ ಹೊರಟೆವು. ಚಿಕ್ಕಪ್ಪನ ಹಳೆಯ ಕಾರು, ಓಡಿಸುವವನು ನಾನು. ಭಾವ ಹಿಂದಿನ ರಾತ್ರಿಯ ಪಾಳಿ ಮುಗಿಸಿ ಸೀದಾ ಬಸ್ಸು ಹತ್ತಿ ಬಂದಿದ್ದರು, ಕಣ್ಣು ಕೆಂಪಗಿದ್ದವು. ತವರಿನವರು ಕೊಟ್ಟ ತೊಟ್ಟಿಲನ್ನು ಕಾರಿನ ಮೇಲೆ ಹಗ್ಗ ಹಾಕಿ ಬಿಗಿದೆವು. ಅವ್ವ ಹಳೆ ಸೀರೆಗಳಿಂದ ತಾನೇ ಹೊಲಿದ ಕೌದಿಯನ್ನು ಮಡಚಿ ಅದರೊಳಗೆ ಇಟ್ಟಿದ್ದಳು. ಹೊರಡುವಾಗ ಅರಿಷಿಣ, ಕುಂಕುಮ, ಒಂದು ಕುಪ್ಪಸದ ಕಣ ಇದ್ದ ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟಳು.

"ಕೂಸು ಮೊದಲ್ನೇ ಸಲ ನೀರು ದಾಟತೈತಿ. ಮೊದಲು ಸಿಗೋ ನೀರಿಗೆ ಇದನ್ನ ಕೊಟ್ಟು ಮುಂದ ಹೋಗ್ರಿ."

"ಮನಿ ಬಿಟ್ಟು ಎರಡು ನಿಮಿಷಕ್ಕ ಕಾಲುವಿ ಬರ್ತೈತಿ, ಯವ್ವಾ. ಅದಕ್ಕ ಕೊಡಬೇಕೇನು?" ಎಂದು ನಕ್ಕೆ.

"ಕಾಲುವಿ ನೀರು ಸರಕಾರದ್ದು. ಅದು ಲೆಕ್ಕಕ್ಕಿಲ್ಲ. ತಾನಾಗೇ ಬಂದ ನೀರೇ ಗಂಗವ್ವ, ಅಕಿಗೆ ಕೊಡ್ರಿ."

ಮಸ್ಕಿಯಲ್ಲಿ ಗುಡ್ಡದ ಬುಡದಲ್ಲಿ ನಿಲ್ಲಿಸಿದೆ. ನಾವು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿ ಮರೆತ ಗುಡ್ಡ ಅದು. ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಂದರ ಮೇಲೊಂದು ಕುಳಿತ ಬಂಡೆಗಳನ್ನು ಬಹಳ ಹೊತ್ತು ನೋಡಿದಳು. ಅಲ್ಲಿಂದ ಕೆರೆಗೆ ಹೋದೆವು. ನೀರು ದಂಡೆಯವರೆಗೂ ಇತ್ತು. ಅಕ್ಕ ಪೊಟ್ಟಣ ಬಿಚ್ಚಿ ಅರಿಷಿಣ ಕುಂಕುಮ ಹಾಕಿ, ಕಣವನ್ನು ನೀರಿಗೆ ಬಿಟ್ಟು, ಕೂಸಿನ ಕೈಗಳೆರಡನ್ನೂ ಜೋಡಿಸಿ ನಮಸ್ಕಾರ ಮಾಡಿಸಿದಳು. ಅಲ್ಲೇ ಕುಳಿತು ರೊಟ್ಟಿ, ಪುಂಡಿಪಲ್ಲೆ ತಿಂದೆವು.

"ಗುಡ್ಡ ಆತು, ಕೆರಿ ಆತು. ಬುಗ್ಗಿ ಒಂದು ಬಾಕಿ ಐತಿ ನೋಡು ತಮ್ಮಾ" ಎಂದರು ಭಾವ.

"ನಿಮ್ಮ ಗಣಿಯಾಗ ಇಳಸ್ರಿ ಅಕಿನ್ನ. ಅಲ್ಲಿ ಬಿಸಿ ಇರ್ತೈತಂತಲ್ರಿ."

"ಬಿಸಿ ಇರ್ತೈತಿ, ಖರೆ. ಆದ್ರ ಅಲ್ಲಿ ಹರಿಯೋದು ನೀರಲ್ಲ, ನಮ್ಮ ಬೆವರು."

ಹೆದ್ದಾರಿಗೆ ಹೋಗಿ ಬಲಕ್ಕೆ ತಿರುಗಿದ್ದರೆ ಲಿಂಗಸುಗೂರು ಒಂದು ತಾಸಿನ ದಾರಿ. ಆದರೆ ಅಕ್ಕನಿಗೆ ಒಳದಾರಿ ಬೇಕಿತ್ತು. ನನಗೂ ಮನಸ್ಸಿತ್ತು. ಭಾವ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಬಂಡೆಗುಡ್ಡಗಳ ನಡುವೆ ಮಣ್ಣಿನ ರಸ್ತೆ ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಮೊಬೈಲಿನ ನೆಟ್‌ವರ್ಕ್ ಹೋಯಿತು. ಮುಂದೆ ಒಂದು ಹಳ್ಳ ಸಿಕ್ಕಿ ದಾರಿ ಎರಡಾಯಿತು. ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ.

ಅಲ್ಲಿ ನಾನು ಮಾಡಿದ ತಪ್ಪನ್ನು ಕಾಲುವೆ ಕೆಳಗೆ ಬೆಳೆದವರಷ್ಟೇ ಮಾಡಬಲ್ಲರು. ನಮ್ಮ ಕಡೆ ದಾರಿ ತಪ್ಪಿದವನು ಯಾರನ್ನೂ ಕೇಳುವುದಿಲ್ಲ. ನೀರು ಹರಿಯುವ ಕಡೆಗೆ ನಡೆಯುತ್ತಾನೆ. ಕಾಲುವೆಯ ನೀರು ಹೊಲಕ್ಕೇ ಹೋಗಬೇಕು, ಹೊಲವಿದ್ದಲ್ಲಿ ಊರೋ ವಲಸೆ ಬಂದ ರೈತರ ಕ್ಯಾಂಪೋ ಇರಲೇಬೇಕು. ಚಿಕ್ಕಂದಿನಿಂದ ಹಾಗೇ ನಡೆದವನು ನಾನು. ಹಳ್ಳದ ನೀರನ್ನು ನೋಡಿ ಅದು ಹೋಗುವ ಕಡೆಗೆ ಕಾರು ತಿರುಗಿಸಿದೆ. ಯಾರೂ ತೋಡದ ಹಳ್ಳ ಯಾರ ಊರಿಗೂ ಹೋಗಬೇಕಾಗಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಹೋದಷ್ಟೂ ಬಂಡೆ, ಜಾಲಿ, ಮತ್ತೆ ಬಂಡೆ. ಹೊತ್ತು ಇಳಿಯತೊಡಗಿದಾಗ ರಸ್ತೆಯೇ ಹಳ್ಳಕ್ಕೆ ಇಳಿಯಿತು. ದಾಟಲು ಹಾಸಿದ್ದ ಕಾಂಕ್ರೀಟಿನ ಮೇಲೆ ಗೇಣು ನೀರು ಹರಿಯುತ್ತಿತ್ತು. ಅರ್ಧ ದಾಟಿದ್ದೆವು. ಎಡಗಡೆಯ ಅಂಚು ಕೊಚ್ಚಿಹೋಗಿದ್ದು ಕಾಣಲಿಲ್ಲ. ಚಕ್ರ ಜಾರಿ ಕಾರು ಒಂದು ಮಗ್ಗಲಿಗೆ ಕುಳಿತಿತು. ಎಂಜಿನ್ ನಿಂತಿತು. ಕೆಳಗಿನ ಬಾಗಿಲಿನಿಂದ ನೀರು ಒಳಗೆ ಬರತೊಡಗಿತು.

ಅಕ್ಕ ಕೂಸನ್ನು ಅವಚಿಕೊಂಡು ಮೇಲಿನ ಬಾಗಿಲಿನಿಂದ ಇಳಿದಳು. ಎರಡು ಹೆಜ್ಜೆ ಇಟ್ಟಿರಬಹುದು, ಪಾಚಿಯ ಮೇಲೆ ಕಾಲು ಜಾರಿ ಇಬ್ಬರೂ ಕೆಳಗಿನ ಮಡುವಿಗೆ ಬಿದ್ದರು. ಭಾವ, ನಾನು ಹಾರಿದೆವು. ನೀರು ಎದೆಮಟ್ಟ. ಎಳೆದು ದಂಡೆಗೆ ತಂದಾಗ ಅಕ್ಕನಿಗೆ ಏನೂ ಆಗಿರಲಿಲ್ಲ. ಕೂಸು ಕೆಮ್ಮಿ ನೀರು ಕಕ್ಕಿತು, ಒಂದು ಸಲ ಅತ್ತಿತು. ಆಮೇಲೆ ಅಳು ನಿಂತಿತು.

ಅದು ನಿಂತದ್ದೇ ನಮ್ಮನ್ನು ಹೆದರಿಸಿದ್ದು. ಜನವರಿಯ ಸಂಜೆ, ಬಂಡೆಗಳ ಸಂದಿನಿಂದ ಬರುವ ಗಾಳಿ ಮೈ ಕೊರೆಯುತ್ತಿತ್ತು. ಅಕ್ಕ ಕೂಸಿನ ಒದ್ದೆ ಬಟ್ಟೆ ಕಿತ್ತುಹಾಕಿ ಬರಿಮೈಯನ್ನು ಎದೆಗೆ ಒತ್ತಿಕೊಂಡಳು. ಅವಳ ಎದೆಯೇ ತಣ್ಣಗಿತ್ತು. ನಮ್ಮ ಮೂವರ ಮೈಮೇಲೆ ಒಣಗಿದ ನೂಲೊಂದೂ ಇರಲಿಲ್ಲ. ಬಟ್ಟೆಯ ಚೀಲಗಳು ಡಿಕ್ಕಿಯೊಳಗೆ ನೀರಿನಲ್ಲಿದ್ದವು. ಕೂಸಿನ ತುಟಿ ನೀಲಿಯಾಗುತ್ತಿತ್ತು.

"ಏನ್ರೀ, ಕೂಸು ಅಳವಲ್ದು" ಎಂದಳು ಅಕ್ಕ. ಕೂಗಿ ಹೇಳಲಿಲ್ಲ, ಪಿಸುಗುಟ್ಟಿದಳು. "ಕಣ್ಣು ಮುಚ್ಚಾಕತ್ತೈತಿ. ಏನರ ಮಾಡ್ರಿ."

ಭಾವ ಕೂಸಿನ ಅಂಗಾಲು ಉಜ್ಜತೊಡಗಿದರು. ಗಾಳಿಗೆ ಮರೆ ಹುಡುಕಲು ನಾನು ದಂಡೆಯ ದೊಡ್ಡ ಬಂಡೆಯ ಹಿಂದಕ್ಕೆ ಓಡಿದೆ. ಎರಡು ಬಂಡೆಗಳ ಸಂದು, ಒಬ್ಬರು ನುಸುಳುವಷ್ಟು. ಒಳಗೆ ಬಿಸಿಲು ಎಂದೂ ಬೀಳದಂಥ ಜಾಗ. ಅಲ್ಲಿ ಕಲ್ಲೇ ಸವೆದು ಸ್ನಾನದ ತೊಟ್ಟಿಯಷ್ಟು ತಗ್ಗಾಗಿತ್ತು, ಅದರಲ್ಲಿ ಮೊಣಕಾಲುದ್ದ ನೀರು. ಕಾಲಿಗೆ ತಗುಲಿದಾಗ ಸುಟ್ಟಂತಾಗಿ ಹಿಂದೆಗೆದೆ. ತಣ್ಣಗೆ ಮರಗಟ್ಟಿದ ಕಾಲಿಗೆ ಹಾಗನಿಸಿರಬೇಕು ಎಂದುಕೊಂಡು ಕೈ ಅದ್ದಿದೆ, ಮೊಣಕೈ ಅದ್ದಿದೆ. ಬಿಸಿನೀರು. ಅವ್ವ ಕೂಸಿಗೆ ಹದ ಮಾಡುವಂಥ ನೀರು. ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು.

ನಾನು ಕೂಗಿದ್ದು ಏನೆಂದು ನೆನಪಿಲ್ಲ. ಅಕ್ಕ ಬಂದಳು. ತೊಟ್ಟಿಗಿಳಿದು ಕುಳಿತು, ಬಚ್ಚಲಲ್ಲಿ ಅವ್ವ ಕುಳಿತುಕೊಳ್ಳುವ ಹಾಗೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೊಗಸೆಯಿಂದ ನೀರು ಹೊಯ್ಯತೊಡಗಿದಳು. ಬೆನ್ನು, ಎದೆ, ಅಂಗೈ, ಅಂಗಾಲು. ಭಾವ ಸಂದಿನ ಬಾಯಿಗೆ ಗಾಳಿಗೆ ಅಡ್ಡವಾಗಿ ನಿಂತಿದ್ದರು. ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಎಷ್ಟು ಹೊತ್ತು ಎಂದು ನೋಡಲಿಲ್ಲ. ಗಡಿಯಾರ ಕೈಯಲ್ಲೇ ಇತ್ತು, ನೋಡಬೇಕೆನಿಸಲಿಲ್ಲ.

ಆಮೇಲೆ ಕೂಸು ಅತ್ತಿತು. ಐದು ತಿಂಗಳು ನಮ್ಮ ಮನೆಯವರ ನಿದ್ದೆ ಕೆಡಿಸಿದ ಅದೇ ಕಿವಿಗಡಚಿಕ್ಕುವ ಅಳು. ಭಾವ ಅಲ್ಲೇ ಕುಸಿದು ಕುಳಿತರು.

"ಅಳು ನನ್ನವ್ವಾ, ಅಳು. ಇಡೀ ಹಟ್ಟಿ ಕೇಳೋ ಹಂಗ ಅಳು" ಎನ್ನುತ್ತ ತಾವೂ ಅಳುತ್ತಿದ್ದರು.

ಆಗ ನನಗೆ ತೊಟ್ಟಿಲಿನ ನೆನಪಾಯಿತು. ಕಾರಿನ ಮೇಲೆ ಒಣಗಿದ ಕೌದಿ ಇಷ್ಟು ಹೊತ್ತು ಇದ್ದೇ ಇತ್ತು. ಓಡಿಹೋಗಿ ಹಗ್ಗದ ಗಂಟು ಬಿಚ್ಚಲು ಹೆಣಗಿ, ಕೌದಿಯನ್ನು ಎಳೆದು ತಂದೆ. ಕೂಸನ್ನು ಅದರಲ್ಲಿ ಸುತ್ತಿದೆವು. ಅಕ್ಕ ತೊಟ್ಟಿಯಿಂದ ಮೇಲೆದ್ದಳು. ಕೊಡಲು ಅವಳ ಬಳಿ ಏನೂ ಉಳಿದಿರಲಿಲ್ಲ, ಪೊಟ್ಟಣ ಕೆರೆಯಲ್ಲೇ ಖಾಲಿಯಾಗಿತ್ತು. ಕೈಯಿಂದ ಎರಡು ಹಸಿರು ಬಳೆ ತೆಗೆದು ನೀರಿಗೆ ಬಿಟ್ಟು ಕೈಮುಗಿದಳು.

ಅಷ್ಟರಲ್ಲಿ ಹಳ್ಳದ ಆಚೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ತೊಗರಿ ಹೊಟ್ಟು ಹೇರಿಕೊಂಡು ಹೊರಟಿದ್ದ ಒಬ್ಬ ಹಿರಿಯರು. ನಮ್ಮನ್ನು ನೋಡಿ ಮೊದಲು ಬೈದರು.

"ಬಾಣಂತಿನ್ನ ಕರ್ಕೊಂಡು ಈ ದಾರ್ಯಾಗ ಯಾರ್ ಬರ್ತಾರ್ರೀ? ತಲಿ ಐತೋ ಇಲ್ಲೋ ನಿಮಗ?"

ಹಗ್ಗ ಹಾಕಿ ಕಾರನ್ನು ಎಳೆದು ಕೊಟ್ಟರು. ನಾನು ಬಿಸಿನೀರಿನ ಮಾತು ತೆಗೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹುಟ್ಟಿದಾಗಿಂದ ಈ ಹಳ್ಳದಾಗ ಎಮ್ಮಿ ತೊಳ್ಯಾಕತ್ತೀನಿ. ಬಿಸಿನೀರಿದ್ರ ಚಳಿಗಾಲ್ದಾಗ ನಾ ಯಾಕ ನಡುಗಬೇಕಿತ್ತು?"

ತೋರಿಸುತ್ತೇನೆ ಬನ್ನಿ ಎಂದು ಕರೆದೊಯ್ದೆ. ಅಕ್ಕ ಮೇಲೆದ್ದು ಕಾಲು ತಾಸೂ ಆಗಿರಲಿಲ್ಲ. ಕಾರಿನಲ್ಲಿ ನೀರು ತಾಗದೆ ಉಳಿದಿದ್ದ ಮೊಬೈಲಿನ ಬೆಳಕು ಬಿಟ್ಟೆ. ಅದೇ ಸಂದು, ಅದೇ ತೊಟ್ಟಿ, ತಳದಲ್ಲಿ ಅಕ್ಕನ ಎರಡು ಹಸಿರು ಬಳೆ. ಕೈ ಅದ್ದಿದೆ. ಬೆರಳು ನೋಯುವಷ್ಟು ತಣ್ಣಗಿತ್ತು. ಹಿರಿಯರೂ ಕೈ ಅದ್ದಿ ನೋಡಿ, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

"ಕೂಸು ಆರಾಮ ಐತಿಲ್ಲೋ? ಮತ್ತ? ನಡೀರಿ ಇನ್ನ" ಎಂದರು.

ಎಂಜಿನ್ ಒಣಗಿ ಚಾಲೂ ಆಗುವವರೆಗೆ ಕೂಸು ಕೌದಿಯೊಳಗೆ ಹಾಲು ಕುಡಿಯಿತು. ಲಿಂಗಸುಗೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಎದೆ, ಕಿವಿ ಎಲ್ಲ ನೋಡಿ, ಏನೂ ಆಗಿಲ್ಲ, ಬೆಚ್ಚಗಿಡಿ ಸಾಕು ಎಂದರು. ಹಟ್ಟಿ ಮುಟ್ಟಿದಾಗ ಅಕ್ಕನ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಕೂಸನ್ನು ತೆಗೆದುಕೊಂಡು ನೆತ್ತಿಯನ್ನು ಮೂಸಿದರು.

"ಈಗ ನೀರು ಹಾಕಿ ಹೊಗಿ ಕೊಟ್ಟಂಗ ವಾಸನಿ ಐತಲ್ಲ. ದಾರ್ಯಾಗ ಯಾರ ಮನ್ಯಾಗ ಇಳದಿದ್ರಿ?"

ನಾನು ಅಕ್ಕನ ಮುಖ ನೋಡಿದೆ. ಉತ್ತರ ಕೊಟ್ಟವರು ಭಾವ. "ಬೇಕಾದವರ ಮನ್ಯಾಗ, ಯವ್ವಾ" ಎಂದು ಹೇಳಿ ತೊಟ್ಟಿಲು ಇಳಿಸಲು ಹೋದರು.

ನೆತ್ತಿಯ ವಾಸನೆಗೆ ಕಾರಣ ಕೌದಿ ಇರಬಹುದು. ನಮ್ಮ ಬಾಣಂತಿ ಕೋಣೆಯ ಹೊಗೆ ಅದಕ್ಕೆ ಹತ್ತಿರುತ್ತದೆ. ಅದನ್ನು ಒಪ್ಪುತ್ತೇನೆ. ನೀರಿನ ಬಿಸಿಯನ್ನು ಯಾರ ಮೇಲೆ ಹಾಕಲಿ? ಬಿಸಿಲಿಗೆ ಕಲ್ಲು ಕಾದಿರಬೇಕು ಎಂದ ಒಬ್ಬ ಗೆಳೆಯ. ಆ ಸಂದಿಗೆ ಬಿಸಿಲೇ ಇಳಿಯುವುದಿಲ್ಲ. ನಮ್ಮ ಮೈ ತಣ್ಣಗಾಗಿದ್ದರಿಂದ ತಣ್ಣೀರೂ ಬೆಚ್ಚಗೆನಿಸಿತು ಎಂದ ಇನ್ನೊಬ್ಬ. ನೀಲಿಯಾದ ಕೂಸಿನ ತುಟಿಗೆ ಅನಿಸಿಕೆಯಿಂದ ಬಣ್ಣ ಬರುವುದಿಲ್ಲ. ಭೂಮಿಯ ಆಳದಲ್ಲಿ ಕಲ್ಲು ಬಿಸಿಯಿರುವುದನ್ನು ಭಾವ ದಿನಾ ಮುಟ್ಟಿ ಬಲ್ಲವರು. ಅವರನ್ನೇ ಕೇಳಿದೆ. "ಅಷ್ಟು ಆಳದ ಬಿಸಿ ಮ್ಯಾಲೆ ಬರೂದಿಲ್ಲ ತಮ್ಮಾ. ಬಂದ್ರೂ ಕಾಲು ತಾಸಿನ್ಯಾಗ ಹೋಗೂದಿಲ್ಲ" ಎಂದರು.

ನಾನು ಉಷ್ಣಮಾಪಕ ಹಿಡಿದು ಮತ್ತೆ ಅಲ್ಲಿಗೆ ಹೋಗಿದ್ದೇನೆ. ಬೇಸಿಗೆಯಲ್ಲಿ ತೊಟ್ಟಿ ಒಣಗಿರುತ್ತದೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಹಳ್ಳದ ನೀರು ಎಷ್ಟು ತಣ್ಣಗಿರುತ್ತದೋ ತೊಟ್ಟಿಯದೂ ಅಷ್ಟೇ. ಕಳೆದ ಜನವರಿಯಲ್ಲಿ ಎಲ್ಲರೂ ಸೇರಿ ಹೋದೆವು. ಜೇಬಿನಿಂದ ಉಷ್ಣಮಾಪಕ ತೆಗೆದಾಗ ಭಾವ ನಕ್ಕರು.

"ಏನಲೇ, ಗಂಗವ್ವಗ ಜ್ವರ ಬಂದೈತೇನು?"

ನಗುತ್ತಲೇ ಸಂದಿನ ಬಾಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ದೇವರ ಗುಡಿಗೂ ಹಬ್ಬಕ್ಕೊಮ್ಮೆ ಹೋಗುವವರು ಅವರು. ಅಕ್ಕ ಅರಿಷಿಣ ಕುಂಕುಮ ಹಾಕಿದಳು. ಬಳೆಗಳು ತಳದಲ್ಲಿ ಈಗಲೂ ಇವೆ, ಹೂಳಿನಲ್ಲಿ ಅರ್ಧ ಮುಚ್ಚಿವೆ. ಮೂರು ತುಂಬಿದ ಹುಡುಗಿ ನನ್ನ ಬೆರಳು ಹಿಡಿದು ಬಗ್ಗಿ ನೋಡುತ್ತಿದ್ದಳು.

"ಮಾಮಾ, ಇದರಾಗ ಏನೈತಿ?"

ಏನೂ ಇಲ್ಲ ಎನ್ನಲು ಹೊರಟು ತಡೆದೆ. ಕೈ ಅದ್ದಿ ನೋಡು ಎಂದೆ. ಅವಳು ಕೈ ಅದ್ದಿ, ಕಿಟಾರನೆ ಕಿರುಚಿ, ನಕ್ಕು, ತಣ್ಣನೆಯ ನೀರನ್ನು ನನ್ನ ಮುಖಕ್ಕೆ ಎರಚಿದಳು. ನಾನು ಉಷ್ಣಮಾಪಕವನ್ನು ಜೇಬಿಗೆ ಹಾಕಿಕೊಂಡೆ.